ಕದ್ದ ನಾಯಿಗೆ ಬೆಲೆಯೆಷ್ಟು?

ನಾಯಿಯ ಕಳವು ಈ ಪುಟದಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರಿಗೆ ತೋರಬಹುದು. ದೇಶದ ಮುಂದೆ ಉದ್ಯೋಗದ ಪ್ರಶ್ನೆಯುಂಟು, ನೀರಿನ ವ್ಯಾಜ್ಯಗಳುಂಟು, ಬೆಲೆಯೇರಿಕೆಯ ಬಾಧೆಯುಂಟು. ಇವುಗಳ ನಡುವೆ ನಾಯಿಯ ಮಾತೇಕೆ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೇ. ಬಡವನ ಮನೆಯ ಹೊಸ್ತಿಲಲ್ಲಿ ಮಲಗಿದ ಪ್ರಾಣಿಯನ್ನು ರಾತ್ರಿ ಕದ್ದೊಯ್ದು, ತಕ್ಕಡಿಗೆ ಹಾಕಿ, ಮಾಂಸದಂಗಡಿಗೆ ಮುಟ್ಟಿಸುವ ವ್ಯಾಪಾರವೊಂದು ಪೂರ್ವ ಏಷ್ಯಾದ ದೇಶಗಳಲ್ಲಿ ಬೇರುಬಿಟ್ಟಿರುವುದು. ಅದರ ಒಂದು ಕವಲು ನಮ್ಮ ದೇಶದ ಈಶಾನ್ಯ ಭಾಗವನ್ನೂ ಮುಟ್ಟಿರುವುದು. ಅಲ್ಲಿ ಕಳೆದುಹೋಗುವುದು ನಾಯಿಯೊಂದೇ ಅಲ್ಲ. ಬಡವನಿಗೆ ಸರಕಾರದ ನ್ಯಾಯದಲ್ಲಿರುವ ನಂಬಿಕೆಯೂ ಅದರೊಡನೆ ಹೋಗುವುದು.

ಮೊದಲು ವಿಯೆಟ್ನಾಮ್ ದೇಶದ ಸಂಗತಿಯನ್ನು ನೋಡೋಣ. ಆ ದೇಶದಲ್ಲಿ, ವಿಶೇಷವಾಗಿ ಅದರ ಉತ್ತರ ಭಾಗದಲ್ಲಿ, ನಾಯಿಯ ಮಾಂಸವನ್ನು ತಿನ್ನುವ ರೂಢಿ ಹಳೆಯದು. ಚಾಂದ್ರಮಾನ ತಿಂಗಳ ಕೊನೆಯ ದಿನಗಳಲ್ಲಿ ಅದನ್ನು ತಿಂದರೆ ದುರದೃಷ್ಟ ಕಳೆಯುವುದೆಂಬ ನಂಬಿಕೆಯೂ ಜನರಲ್ಲುಂಟು. ವರ್ಷಕ್ಕೆ ಸುಮಾರು 50 ಲಕ್ಷ ನಾಯಿಗಳು ಅಲ್ಲಿ ಈ ವ್ಯಾಪಾರಕ್ಕೆ ಬಲಿಯಾಗುವುವೆಂದು ಪ್ರಾಣಿದಯಾ ಸಂಸ್ಥೆಗಳು ಅಂದಾಜು ಮಾಡಿರುವುವು. ಇಷ್ಟು ನಾಯಿಗಳು ಎಲ್ಲಿಂದ ಬರುವುವು? ದನವನ್ನಾಗಲಿ ಕುರಿಯನ್ನಾಗಲಿ ಹುಲ್ಲುಗಾವಲಿಗೆ ಬಿಟ್ಟು ಬೆಳೆಸಬಹುದು. ನಾಯಿಯು ಹುಲ್ಲಿನ ಮೇಲೆ ಬೆಳೆಯುವ ಪ್ರಾಣಿಯಲ್ಲ. ಅದಕ್ಕೆ ಅನ್ನ ಬೇಕು, ಮಾಂಸದ ಚೂರು ಬೇಕು. ನೂರಾರು ನಾಯಿಗಳನ್ನು ಒಂದೆಡೆ ಕೂಡಿಹಾಕಿದರೆ ಸಾಂಕ್ರಾಮಿಕ ರೋಗ ತಗುಲಿ ಹಿಂಡಿಗೆ ಹಿಂಡೇ ನಾಶವಾಗುವ ಭಯವುಂಟು. ಹೀಗಿರಲು, ಇನ್ನೊಬ್ಬನು ಅನ್ನವಿಕ್ಕಿ ಬೆಳೆಸಿದ ನಾಯಿಯನ್ನು ಎತ್ತಿಕೊಂಡು ಹೋಗುವುದೇ ಎಲ್ಲಕ್ಕಿಂತ ಅಗ್ಗವೆಂದು ವ್ಯಾಪಾರಿಯ ಲೆಕ್ಕಾಚಾರ ಹೇಳಿದರೆ ಆಶ್ಚರ್ಯವೇನು? ಸಾಕಿದ ನಾಯಿ ಮನುಷ್ಯನನ್ನು ನಂಬಿರುತ್ತದೆ. ಕರೆದರೆ ಹತ್ತಿರ ಬರುತ್ತದೆ. ಅದರ ಆ ವಿಶ್ವಾಸವೇ ಕಳ್ಳನಿಗೆ ಬಂಡವಾಳ.

ಕಳವಿನ ರೀತಿಯೂ ಬಹುಮಟ್ಟಿಗೆ ಒಂದೇ ತೆರನಾದದ್ದು. ಒಂದು ಮೋಟಾರು ಸೈಕಲ್ಲಿನ ಮೇಲೆ ಇಬ್ಬರು ಬರುವರು. ಒಬ್ಬನು ಗಾಡಿ ನಡೆಸುವನು. ಹಿಂದೆ ಕುಳಿತವನ ಕೈಯಲ್ಲಿ ಉರುಲು, ವಿಷ ಬೆರೆಸಿದ ತಿಂಡಿ, ಇಲ್ಲವೆ ವಿದ್ಯುತ್ತಿನ ಆಘಾತ ಕೊಡುವ ಸಲಕರಣೆ ಇರುವುದು. ಮನೆಯವರು ಎಚ್ಚತ್ತು ಹೊರಗೆ ಬರುವಷ್ಟರಲ್ಲಿ ನಾಯಿ ಚೀಲದೊಳಗೆ, ಗಾಡಿ ಊರ ಹೊರಗೆ. ಅಡ್ಡ ಬಂದ ಊರವರ ಮೇಲೆ ಅದೇ ಸಲಕರಣೆಯನ್ನು ಪ್ರಯೋಗಿಸಿದ ಸಂಗತಿಗಳೂ ಉಂಟು.

ಈಗ ಕಾಯಿದೆಯ ಮಾತು. ವಿಯೆಟ್ನಾಮಿನ 2015ರ ದಂಡಸಂಹಿತೆಯ 173ನೆಯ ವಿಧಿಯಂತೆ, ಕಳವಾದ ಸೊತ್ತಿನ ಬೆಲೆ 20 ಲಕ್ಷ ಡಾಂಗ್ ಮುಟ್ಟಿದರೆ ಅದು ಅಪರಾಧ. ನಮ್ಮ ನಾಣ್ಯದಲ್ಲಿ ಹೇಳುವುದಾದರೆ ಇದು ಆರೂವರೆ ಏಳು ಸಾವಿರ ರೂಪಾಯಿಯ ಆಸುಪಾಸು. ಅದಕ್ಕಿಂತ ಕಡಿಮೆಯಾದರೆ, ಕಳ್ಳನಿಗೆ ಹಿಂದೆ ಶಿಕ್ಷೆಯಾಗಿರುವುದೇ ಮೊದಲಾದ ಕೆಲವು ವಿಶೇಷ ಸಂದರ್ಭಗಳ ಹೊರತು, ಬರಿಯ ದಂಡದ ವಿಷಯ. ಹಳ್ಳಿಯ ಸಾಮಾನ್ಯ ನಾಯಿಗೆ ಪೇಟೆಯಲ್ಲಿ ಅಷ್ಟು ಬೆಲೆ ಎಲ್ಲಿ ಬಂದೀತು? ಆದುದರಿಂದ ಸಿಕ್ಕಿಬಿದ್ದ ಕಳ್ಳನು ಬಹಳ ಸಲ ದಂಡ ತೆತ್ತು ಮನೆಗೆ ಹೋಗುವನು. ದಂಡವೂ ಅವನ ವ್ಯಾಪಾರದ ಖರ್ಚಿನ ಪಟ್ಟಿಯಲ್ಲಿ ಒಂದು ಬಾಬಾಗುವುದು.

ಇದರ ಪರಿಣಾಮವೇನಾಯಿತು? ಕಾಯಿದೆ ಕೈಬಿಟ್ಟಲ್ಲಿ ಜನರು ಕೈಯೆತ್ತಿದರು. 2013ನೆಯ ಇಸವಿಯಲ್ಲಿ ಮಧ್ಯ ವಿಯೆಟ್ನಾಮಿನ ಕ್ವಾಂಗ್ ಟ್ರಿ ಪ್ರಾಂತ್ಯದ ಹಳ್ಳಿಯೊಂದರಲ್ಲಿ ನಾಯಿಗಳ್ಳರೆಂದು ಹಿಡಿದ ಇಬ್ಬರನ್ನು ಗುಂಪು ಹೊಡೆದು ಕೊಂದಿತು. ಪೋಲೀಸರು ಕೆಲವರನ್ನು ಹಿಡಿದಾಗ, ತಾವೂ ಹೊಡೆದವರೇ ಎಂದು ಹತ್ತಾರು ಗ್ರಾಮಸ್ಥರು ಬರೆದು ಸಹಿ ಹಾಕಿದರು. ಇಂತಹ ಕೊಲೆಗಳು ಆ ದೇಶದಲ್ಲಿ ಅದೊಂದೇ ಅಲ್ಲ. ಈ ಕೃತ್ಯವನ್ನು ನಾವು ಎಷ್ಟು ಮಾತ್ರಕ್ಕೂ ಸಮರ್ಥಿಸೆವು. ಒಂದು ನಾಯಿಗಾಗಿ ಇಬ್ಬರು ಮನುಷ್ಯರ ಪ್ರಾಣ ತೆಗೆಯುವುದು ನ್ಯಾಯವಲ್ಲ, ಅದು ನ್ಯಾಯದ ಸಾವು. ಆದರೆ ಶಾಂತವಾಗಿ ಬೇಸಾಯ ಮಾಡಿಕೊಂಡಿರುವ ಒಂದು ಊರು ಇಂತಹ ಕ್ರೌರ್ಯಕ್ಕೆ ಏಕೆ ಇಳಿಯಿತೆಂಬುದನ್ನು ಅಧಿಕಾರಿಗಳಾದವರು ಯೋಚಿಸಬೇಡವೇ? ತನ್ನ ಮನೆಯ ಕಾವಲಿಗನನ್ನು ಕಳೆದುಕೊಂಡವನಿಗೆ ಸರಕಾರವು ‘ನಿನ್ನ ನಷ್ಟ ಲೆಕ್ಕಕ್ಕೆ ಸಿಗುವಷ್ಟಿಲ್ಲ’ ಎಂದು ಪದೇ ಪದೇ ಹೇಳಿತು. ಅದರ ಫಲವನ್ನು ಕಳ್ಳನೂ ಉಂಡನು, ಊರೂ ಉಂಡಿತು.

ಇದು ಒಂದು ದೇಶದ ಕಥೆ ಮಾತ್ರವಲ್ಲ. ಥೈಲೆಂಡಿನ ಸಕೋನ್ ನಖೋನ್ ಪ್ರಾಂತ್ಯದ ಥಾ ರೇ ಎಂಬ ಊರು ಬಹುಕಾಲ ಈ ವ್ಯಾಪಾರದ ಕೇಂದ್ರವಾಗಿತ್ತು. ಒಂದು ನಾಯಿಗೆ ಪ್ರತಿಯಾಗಿ ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಟ್ಟು ಹಳ್ಳಿಹಳ್ಳಿಯಿಂದ ನಾಯಿಗಳನ್ನು ಕೂಡಿಸುವ ಪದ್ಧತಿ ಅಲ್ಲಿತ್ತು. ಹಾಗೆ ಕೂಡಿಸಿದವೂ ಕದ್ದವೂ ಒಂದೇ ಲಾರಿಯಲ್ಲಿ ಗಡಿ ದಾಟುತ್ತಿದ್ದುವು. ಇಂಡೊನೇಷ್ಯಾದ ಸೆಮಾರಾಂಗ್ ನಗರದ ಬಳಿ 2024ರ ಜನವರಿಯಲ್ಲಿ ಪೋಲೀಸರು ಒಂದು ಲಾರಿಯನ್ನು ತಡೆದು ನೋಡಿದಾಗ ಅದರಲ್ಲಿ 226 ನಾಯಿಗಳನ್ನು ಕಟ್ಟಿ ತುಂಬಿದ್ದರು. ಯಾವ ನಾಯಿ ಯಾರದು, ಯಾವುದನ್ನು ಕೊಂಡದ್ದು, ಯಾವುದನ್ನು ಕದ್ದದ್ದು ಎಂಬುದಕ್ಕೆ ಇಂತಹ ಲಾರಿಗಳಲ್ಲಿ ಕಾಗದ ಪತ್ರವಿರುವುದಿಲ್ಲ. ಕಾಗದವಿಲ್ಲದಿರುವುದೇ ಈ ವ್ಯಾಪಾರಕ್ಕೆ ಅನುಕೂಲ.

ಇಲ್ಲಿ ನಾವು ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಈ ವಿಷಯ ಬಂದೊಡನೆ ನಮ್ಮ ಪಟ್ಟಣಗಳ ಸುಶಿಕ್ಷಿತರು ಮೂಗು ಮುರಿದು ‘ಅವರು ನಾಯಿ ತಿನ್ನುವವರು’ ಎಂದು ಒಂದು ಜನಾಂಗವನ್ನೇ ತಳ್ಳಿಹಾಕಿಬಿಡುವುದುಂಟು. ಇದು ನಮಗೆ ಸಮ್ಮತವಲ್ಲ. ಪರರ ತಟ್ಟೆಯನ್ನು ನೋಡಿ ಅವರ ಯೋಗ್ಯತೆಯನ್ನು ಅಳೆಯುವ ಚಾಳಿಯನ್ನು ಪರಕೀಯ ಅಧಿಕಾರಿಗಳು ನಮ್ಮ ಮೇಲೆ ಬೇಕಾದಷ್ಟು ಪ್ರಯೋಗಿಸಿದರು. ಅದನ್ನೇ ನಾವು ನಮ್ಮ ನಾಗಾ ಬಂಧುಗಳ ಮೇಲೆ ಪ್ರಯೋಗಿಸುವುದು ಸ್ವರಾಜ್ಯಕ್ಕೆ ಶೋಭೆಯಲ್ಲ. ನಮ್ಮ ಪೂರ್ವಿಕರೇನು ಈ ದೋಷದಿಂದ ದೂರವಿದ್ದರೆ? ‘ಶ್ವಪಚ’ ಎಂದರೆ ನಾಯಿಯನ್ನು ಬೇಯಿಸಿ ತಿನ್ನುವವನು. ಈ ಶಬ್ದವನ್ನು ಬೈಗುಳವಾಗಿ ಮಾಡಿಕೊಂಡು ನಮ್ಮ ಅಣ್ಣತಮ್ಮಂದಿರನ್ನೇ ಊರ ಹೊರಗಿಟ್ಟವರು ನಾವು.

ಆದರೆ ಮಹಾಭಾರತದ ಶಾಂತಿಪರ್ವ ಬೇರೆಯೇ ಮಾತು ಹೇಳುತ್ತದೆ. ಹನ್ನೆರಡು ವರ್ಷದ ಕ್ಷಾಮದಲ್ಲಿ ಹಸಿವಿನಿಂದ ಕಂಗೆಟ್ಟ ವಿಶ್ವಾಮಿತ್ರ ಮಹರ್ಷಿಯು ಚಂಡಾಲನೊಬ್ಬನ ಗುಡಿಸಲಿಗೆ ರಾತ್ರಿ ನುಗ್ಗಿ ನಾಯಿಯ ಮಾಂಸಕ್ಕೆ ಕೈಹಾಕಿದನು. ಎಚ್ಚತ್ತ ಚಂಡಾಲನು ಋಷಿಯನ್ನು ತಡೆದು, ಇದು ನಿಮಗೆ ತಕ್ಕುದಲ್ಲವೆಂದು ಧರ್ಮವನ್ನು ಬೋಧಿಸಿದನು. ಪ್ರಾಣ ಉಳಿದರೆ ತಾನೇ ಧರ್ಮ ಎಂದು ಋಷಿ ವಾದಿಸಿದನು. ಈ ಕಥೆಯನ್ನು ಪಾಠಶಾಲೆಯಲ್ಲಿ ಓದಿದವರು ಆಹಾರದ ಶುದ್ಧಾಶುದ್ಧದ ಚರ್ಚೆಯನ್ನಷ್ಟೇ ನೆನಪಿಟ್ಟುಕೊಂಡಿರುವರು. ನಾವು ನೋಡತಕ್ಕದ್ದು ಇನ್ನೊಂದು: ಬೇರೆಯವನ ಮನೆಯಿಂದ ಕದಿಯುವುದಕ್ಕೆ ಮಹರ್ಷಿಗೂ ಪ್ರಾಣಾಪತ್ತೇ ಬೇಕಾಯಿತು. ಇಂದಿನ ನಾಯಿಗಳ್ಳನಿಗೂ ಅವನಿಂದ ಕೊಳ್ಳುವ ದಲ್ಲಾಳಿಗೂ ಯಾವ ಕ್ಷಾಮ ಬಂದಿದೆ?

ಆದುದರಿಂದ ಪ್ರಶ್ನೆಯು ಯಾರು ಏನು ತಿನ್ನುತ್ತಾರೆಂಬುದಲ್ಲ. ತಕ್ಕಡಿಯ ಮೇಲಿರುವ ಪ್ರಾಣಿ ಯಾರ ಮನೆಯದು ಎಂಬುದು. ಈ ವಿವೇಕವನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2024ರ ಜುಲೈಯಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿಯ ಮಾಂಸವಿದೆಯೆಂದು ಗುಲ್ಲೆದ್ದು, ನಿಲ್ದಾಣದಲ್ಲಿ ಗಲಭೆಯಾಗಿ, ಊರೆಲ್ಲ ಕೋಲಾಹಲವಾಯಿತು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಅದು ನಾಯಿಯ ಮಾಂಸವಲ್ಲ, ಆಡುಕುರಿಯ ಜಾತಿಯದೆಂದು ತಿಳಿದುಬಂದಿತು. ಅಸಹ್ಯಭಾವನೆಯನ್ನು ಕೆರಳಿಸುವುದು ಸುಲಭ. ಅದರಿಂದ ಕದ್ದ ಒಂದು ನಾಯಿಯೂ ಮನೆಗೆ ಮರಳುವುದಿಲ್ಲ.

ನಾಗಾಲ್ಯಾಂಡಿನ ಉದಾಹರಣೆ ಇನ್ನೂ ಬೋಧಪ್ರದವಾದುದು. ಆ ರಾಜ್ಯದ ಪೇಟೆಗಳಿಗೆ ಅಸ್ಸಾಮಿನ ಕಡೆಯಿಂದ ನಾಯಿಗಳನ್ನು ಬಾಯಿ ಬಿಗಿದು ಗೋಣಿಚೀಲಗಳಲ್ಲಿ ಕಟ್ಟಿ ತರುತ್ತಿದ್ದ ಚಿತ್ರಗಳು ಪ್ರಕಟವಾಗಿ ದೇಶದಲ್ಲೆಲ್ಲ ಖೇದವುಂಟಾಯಿತು. 2020ರ ಜುಲೈಯಲ್ಲಿ ರಾಜ್ಯ ಸರಕಾರವು ನಾಯಿಗಳ ಆಮದು, ಸಂತೆ ಮತ್ತು ಮಾಂಸದ ಮಾರಾಟಗಳನ್ನು ಒಂದು ಆಜ್ಞೆಯಿಂದ ನಿಷೇಧಿಸಿತು. ಕೊಹಿಮಾ ನಗರದ ಪರವಾನಿಗೆ ಪಡೆದ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 2023ರ ಜೂನ್ 2ರಂದು ಗುವಾಹಾಟಿ ಹೈಕೋರ್ಟಿನ ಕೊಹಿಮಾ ಪೀಠವು ಆ ಆಜ್ಞೆಯನ್ನು ರದ್ದುಪಡಿಸಿತು. ಆಹಾರ ಸುರಕ್ಷತೆಯ ಕಾಯಿದೆಯಂತೆ ಅಂತಹ ನಿಷೇಧವನ್ನು ಹೊರಡಿಸುವ ಅಧಿಕಾರ ಆಹಾರ ಸುರಕ್ಷತಾ ಆಯುಕ್ತರಿಗುಂಟು, ಮುಖ್ಯ ಕಾರ್ಯದರ್ಶಿಗಳಿಗಿಲ್ಲ. ಮೇಲಾಗಿ ನಾಗಾ ಜನರಲ್ಲಿ ಈ ಆಹಾರವು ಇಂದಿಗೂ ರೂಢಿಯಲ್ಲಿದೆ ಎಂಬುದು ನ್ಯಾಯಪೀಠದ ಅಭಿಪ್ರಾಯ. ತೀರ್ಪನ್ನು ನಾವು ದೂಷಿಸುವುದಿಲ್ಲ. ಸರಕಾರವು ಊಟದ ಬಾಗಿಲಿನಿಂದ ಒಳಹೊಗಲು ಹೋಗಿ ಎಡವಿತು. ಕಳವಿನ ಬಾಗಿಲಿನಿಂದ ಹೋಗಿ, ‘ಈ ನಾಯಿಯನ್ನು ಯಾರಿಂದ ಕೊಂಡೆ, ಕಾಗದವೆಲ್ಲಿ?’ ಎಂದು ಪ್ರತಿಯೊಂದು ಚೀಲಕ್ಕೂ ಕೇಳಿದ್ದರೆ, ಯಾರ ರೂಢಿಗೂ ಧಕ್ಕೆಯಾಗುತ್ತಿರಲಿಲ್ಲ. ವ್ಯಾಪಾರದ ಬಹುಭಾಗವು ಉತ್ತರ ಕೊಡಲಾರದೆ ನಿಲ್ಲುತ್ತಿತ್ತೆಂದು ನಮಗೆ ತೋರುತ್ತದೆ.

ಹಾಗಾದರೆ ನಮ್ಮ ಕಾಯಿದೆಯಲ್ಲಿ ಈ ಬಾಗಿಲು ತೆರೆದಿದೆಯೇ? 1860ರ ದಂಡಸಂಹಿತೆಯನ್ನು ರಚಿಸಿದವರು ಕಳವೆಂದರೇನು ಎಂಬುದನ್ನು ವಿವರಿಸುವಾಗ ಕೊಟ್ಟ ದೃಷ್ಟಾಂತಗಳಲ್ಲಿ ನಾಯಿಯೂ ಒಂದು. ಒಬ್ಬನು ನಾಯಿಗೆ ಪ್ರಿಯವಾದ ಆಮಿಷವನ್ನು ಜೇಬಿನಲ್ಲಿಟ್ಟುಕೊಂಡು, ಪರರ ನಾಯಿ ತನ್ನನ್ನು ಹಿಂಬಾಲಿಸುವಂತೆ ದುರುದ್ದೇಶದಿಂದ ಮಾಡಿದರೆ, ಆ ನಾಯಿ ಅವನ ಹಿಂದೆ ಹೆಜ್ಜೆಯಿಡಲು ಆರಂಭಿಸಿದ ಕ್ಷಣದಲ್ಲಿಯೇ ಕಳವು ಸಂಪೂರ್ಣವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ವಿಧಿಯಲ್ಲಿಯೂ ಈ ದೃಷ್ಟಾಂತ ಹಾಗೆಯೇ ಉಳಿದಿದೆ. ಠಾಣೆಯಲ್ಲಿ ‘ನಾಯಿ ತಾನೇ, ಎಲ್ಲಿಯೋ ಹೋಗಿರಬೇಕು, ಬರುತ್ತದೆ’ ಎಂದು ಫಿರ್ಯಾದನ್ನು ಬರೆದುಕೊಳ್ಳದೆ ಕಳುಹಿಸುವ ಅಧಿಕಾರಿಗಳು ಈ ದೃಷ್ಟಾಂತವನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಕದ್ದ ಮಾಲೆಂದು ತಿಳಿದೂ ಕೊಳ್ಳುವವನನ್ನು ಶಿಕ್ಷಿಸಲು 317ನೆಯ ವಿಧಿಯೂ ಉಂಟು.

ಪ್ರಾಣಿಹಿಂಸೆಯ ವಿಷಯದಲ್ಲಿ ಹೊಸ ಸಂಹಿತೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು. ಹಳೆಯ ಸಂಹಿತೆಯಲ್ಲಿ ಆನೆ, ಕುದುರೆ, ಹಸು ಮೊದಲಾದವನ್ನು ಕೊಂದರೆ ಬೆಲೆಯ ಪ್ರಶ್ನೆಯಿಲ್ಲದೆ ಶಿಕ್ಷೆಯಾಗುತ್ತಿತ್ತು. ನಾಯಿಯಂತಹ ಪ್ರಾಣಿಗಾದರೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ಬೆಲೆ ಕಟ್ಟಬೇಕಾಗಿತ್ತು. ಹೊಸ ಸಂಹಿತೆಯ 325ನೆಯ ವಿಧಿ ಆ ಬೆಲೆಪಟ್ಟಿಯನ್ನು ತೆಗೆದುಹಾಕಿ, ಪರರಿಗೆ ಹಾನಿ ಮಾಡಲೆಂದು ಯಾವ ಪ್ರಾಣಿಯನ್ನೇ ಕೊಂದರೂ ಐದು ವರ್ಷದವರೆಗೆ ಸೆರೆಮನೆಯೆಂದು ವಿಧಿಸಿದೆ. ಸಂತೋಷ. ಆದರೆ ಒಂದು ಕಡೆ ತೆಗೆದ ಬೆಲೆಯನ್ನು ಇನ್ನೊಂದು ಕಡೆ ಇಟ್ಟಂತಾಗಿದೆ. ಕಳವಿನ ವಿಧಿಗೆ ಹೊಸದಾಗಿ ಸೇರಿಸಿದ ನಿಬಂಧನೆಯಂತೆ, ಸೊತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೆ ಗುರಿಯಾದ ಕಳ್ಳನು ಸೊತ್ತನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಹಸಿದು ರೊಟ್ಟಿ ಕದ್ದವನಿಗೆ ಈ ದಯೆ ಸರಿ. ಇದನ್ನು ನಾವೂ ಸ್ವಾಗತಿಸುವೆವು. ಆದರೆ ಬೀದಿಯಲ್ಲಿ ಸಿಕ್ಕ ಮರಿಯನ್ನು ಎತ್ತಿ ತಂದು ಹತ್ತು ವರ್ಷ ಸಾಕಿದ ನಾಟಿ ನಾಯಿಗೆ ಪೇಟೆಯ ಬೆಲೆಯೆಷ್ಟು? ಸೊನ್ನೆ. ವಿಲಾಯತಿ ಜಾತಿಯ ನಾಯಿಯನ್ನು ಸಾವಿರಾರು ರೂಪಾಯಿಗೆ ಕೊಂಡ ಶ್ರೀಮಂತನ ನಷ್ಟವು ಕಾಯಿದೆಗೆ ದೊಡ್ಡದಾಗಿಯೂ, ಮುದುಕಿಯೊಬ್ಬಳ ಗುಡಿಸಲನ್ನು ಕಾಯುತ್ತಿದ್ದ ಕರಿನಾಯಿಯ ಕಳವು ಕ್ಷುಲ್ಲಕವಾಗಿಯೂ ಕಾಣುವುದು ಯಾವ ನ್ಯಾಯ? ವಿಯೆಟ್ನಾಮಿನ ಹಳ್ಳಿಗಳನ್ನು ಕೆಡಿಸಿದ ತಕ್ಕಡಿಯೂ ಇದೇ ಅಲ್ಲವೇ? ಇನ್ನು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ 11ನೆಯ ವಿಧಿಯಲ್ಲಿ ಮೊದಲ ಅಪರಾಧಕ್ಕೆ ಇಂದಿಗೂ ದಂಡವು 10ರಿಂದ 50 ರೂಪಾಯಿ! ಒಂದು ಲಾರಿ ನಾಯಿಗಳನ್ನು ಕೈಕಾಲು ಕಟ್ಟಿ ಸಾಗಿಸುವವನು ಈ ದಂಡವನ್ನು ನಗುತ್ತಲೇ ಕೊಟ್ಟಾನು.

ಇಂಗ್ಲೆಂಡಿನವರು ಈ ತಪ್ಪನ್ನು ತಿದ್ದಿಕೊಳ್ಳಲು ಬಹುಕಾಲ ಹಿಡಿಯಿತು. ಅವರ ಹಳೆಯ ಸಾಮಾನ್ಯ ನ್ಯಾಯದಲ್ಲಿ ನಾಯಿಯು ಹೀನ ಪ್ರಾಣಿಯೆಂದೂ, ಅದರ ಅಪಹರಣವು ಕಳವೇ ಅಲ್ಲವೆಂದೂ ಎಣಿಸಿದ್ದರು. ಅದರ ಫಲವಾಗಿ ಲಂಡನ್ನಿನಲ್ಲಿ ನಾಯಿಗಳನ್ನು ಕದ್ದು ಒತ್ತೆಹಣ ವಸೂಲು ಮಾಡುವ ತಂಡಗಳೇ ಬೆಳೆದುವು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟರ ಫ್ಲಶ್ ಎಂಬ ನಾಯಿಯನ್ನು 1840ರ ದಶಕದಲ್ಲಿ ಮೂರು ಸಲ ಕದ್ದರು. ಮೂರು ಸಲವೂ ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. 1845ರಲ್ಲಿ ನಾಯಿಗಳ್ಳರನ್ನು ಅಡಗಿಸಲೆಂದೇ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಕೊನೆಗೆ 2024ರಲ್ಲಿ ಸಾಕುಪ್ರಾಣಿಗಳ ಅಪಹರಣವನ್ನೇ ಪ್ರತ್ಯೇಕ ಅಪರಾಧವೆಂದು ಸಾರಿ, ಪ್ರಾಣಿಯ ಬೆಲೆಯನ್ನು ಕೇಳದೆ ಐದು ವರ್ಷದವರೆಗೆ ಸೆರೆಮನೆಯ ಶಿಕ್ಷೆಯನ್ನು ನಿಗದಿ ಮಾಡಿದರು. ಆ ವರ್ಷದ ಆಗಸ್ಟ್ 24ರಿಂದ ಇಂಗ್ಲೆಂಡಿನಲ್ಲಿಯೂ ಉತ್ತರ ಐರ್ಲೆಂಡಿನಲ್ಲಿಯೂ ಅದು ಜಾರಿಯಲ್ಲಿದೆ. ನಾಯಿಯ ಕಳವನ್ನು ಕಳವೆಂದು 1860ರಲ್ಲಿಯೇ ಬರೆದಿಟ್ಟುಕೊಂಡಿದ್ದ ನಾವು ಈಗ ಅವರಿಗಿಂತ ಹಿಂದೆ ಬೀಳಬೇಕೇ?

ಪ್ರಾಣಿಯ ಮೇಲೆ ಕರುಣೆಯಿಲ್ಲದವರೂ ಒಪ್ಪಲೇಬೇಕಾದ ಇನ್ನೊಂದು ಕಾರಣವುಂಟು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದು ಬಹು ದುರ್ಲಭ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಲಸಿಕೆ ಹಾಕಿಸಿಕೊಂಡ ನಾಯಿಯೆಂದರೆ ಬಹುಮಟ್ಟಿಗೆ ಮನೆಯಲ್ಲಿ ಸಾಕಿದ ನಾಯಿ. ಕಳ್ಳನು ಒಯ್ಯುವುದೂ ಅದನ್ನೇ. ಅವನು ಊರಿನ ರಕ್ಷೆಯನ್ನು ಒಂದೊಂದೇ ಕಲ್ಲಾಗಿ ಕಿತ್ತುಕೊಂಡು ಹೋಗುವನು. ಅತ್ತ ರೋಗವಿದ್ದ ನಾಯಿಗಳನ್ನು ಇಲ್ಲದ ಊರಿಗೆ ಸಾಗಿಸುವನು. ನಾಯಿಯನ್ನೋ ಬೆಕ್ಕನ್ನೋ ಕೊಯ್ದು ಹದಮಾಡಿದ ಬಳಿಕ ಇದೇ ರೋಗದಿಂದ ಸತ್ತವರ ವೃತ್ತಾಂತವನ್ನು ಹಾನೊಯ್‌ನ ವೈದ್ಯರು 2009ರಲ್ಲಿಯೇ ಪ್ರಕಟಿಸಿರುವರು. ಫಿಲಿಪ್ಪೀನ್ಸ್ ದೇಶವು ನಾಯಿ ಮಾಂಸದ ವ್ಯಾಪಾರಕ್ಕೆ ಶಿಕ್ಷೆಯನ್ನು ತನ್ನ 2007ರ ರೇಬೀಸ್ ನಿವಾರಣ ಕಾಯಿದೆಯಲ್ಲಿಯೇ ಸೇರಿಸಿತೆಂಬುದು ಗಮನಾರ್ಹ.

ಬಹುಕಾಲದಿಂದ ನಡೆದುಬಂದ ವ್ಯಾಪಾರವನ್ನು ನಿಲ್ಲಿಸುವುದು ಸಾಧ್ಯವೇ ಎಂದು ಕೇಳುವವರಿಗೆ ದಕ್ಷಿಣ ಕೊರಿಯಾ ಉತ್ತರ ಕೊಟ್ಟಿದೆ. 1988ರ ಒಲಿಂಪಿಕ್ ಕ್ರೀಡೆಗಳ ಸಮಯದಲ್ಲಿ ವಿದೇಶೀಯರ ಕಣ್ಣಿಗೆ ಬೀಳದಿರಲೆಂದು ಅಲ್ಲಿಯ ಸರಕಾರ ಇಂತಹ ಊಟದಮನೆಗಳನ್ನು ಹೆದ್ದಾರಿಗಳಿಂದ ಸರಿಸಿತು. ಅದರಿಂದ ಏನೂ ಆಗಲಿಲ್ಲ. ಕಾಲಕ್ರಮದಲ್ಲಿ ಆ ದೇಶದ ಜನರೇ ಮನೆಯಲ್ಲಿ ನಾಯಿ ಸಾಕತೊಡಗಿ, ಯುವಕರಿಗೆ ಈ ಮಾಂಸ ಬೇಡವಾದಾಗ, 2024ರ ಜನವರಿ 9ರಂದು ಅವರ ಶಾಸನಸಭೆ ಒಂದೂ ವಿರುದ್ಧ ಮತವಿಲ್ಲದೆ 208 ಮತಗಳಿಂದ ಕಾಯಿದೆಯನ್ನು ಅಂಗೀಕರಿಸಿತು. ಶಿಕ್ಷೆಗಳು ಜಾರಿಗೆ ಬರುವುದಕ್ಕೆ 2027ರ ಫೆಬ್ರವರಿಯ ಗಡುವನ್ನು ಗೊತ್ತುಮಾಡಿ, ಕಸುಬು ಬಿಡುವವರಿಗೆ ನಾಯಿಯೊಂದಕ್ಕೆ 6 ಲಕ್ಷ ವಾನ್ ವರೆಗೆ ಪರಿಹಾರವನ್ನೂ ಸರಕಾರ ಪ್ರಕಟಿಸಿತು; ಬೇಗ ಬಿಟ್ಟವನಿಗೆ ಹೆಚ್ಚು, ತಡಮಾಡಿದವನಿಗೆ ಕಡಿಮೆ. ಯಾರನ್ನೂ ಹೀಯಾಳಿಸದೆ, ಕಾಲಾವಕಾಶ ಕೊಟ್ಟು, ಹೊಟ್ಟೆಯ ದಾರಿ ತೋರಿಸಿ ಮಾಡಿದ ಸುಧಾರಣೆ ಇದು. ಕೊಹಿಮಾದ ವ್ಯಾಪಾರಿಗಳಿಗೂ ಇದೇ ಮರ್ಯಾದೆ ಸಲ್ಲಬೇಕು.

ನಾಯಿಯ ಬೆಲೆಯನ್ನು ಹೇಗೆ ಕಟ್ಟಬೇಕೆಂದು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಈಗ ಮಂಡ್ಯ ಜಿಲ್ಲೆಗೆ ಸೇರಿದ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವನ್ನು ಬಲ್ಲವರು ಬಲ್ಲರು. ತಕ್ಕೋಲದ ಯುದ್ಧದ ಬಳಿಕ ಗಂಗರ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ಉಂಬಳಿಯಾಗಿ ಬಂದುವು. ಅವನ ವೀರ ಮಣಲೇರನು ‘ಬೇಡಿಕೋ’ ಎಂದಾಗ ಬೇಡಿದ್ದು ಕಾಳಿಯೆಂಬ ಒಂದು ಬೇಟೆನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತಾಗ, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನು ಕಾಳಿಯನ್ನು ತೂಕಕ್ಕೆ ಹಾಕಲಿಲ್ಲ.

ಆದುದರಿಂದ ಲೋಕಸಭೆಯಲ್ಲಿರುವ ನಮ್ಮ ಪ್ರತಿನಿಧಿಗಳ ಮತ್ತು ಅಧಿಕಾರಿವರ್ಗದವರ ಗಮನಕ್ಕೆ ನಾವು ನಾಲ್ಕು ಮಾತುಗಳನ್ನು ತರುತ್ತೇವೆ. ಸಾಕಿದ ಪ್ರಾಣಿಯ ಕಳವನ್ನು 5,000 ರೂಪಾಯಿಯ ನಿಬಂಧನೆಯಿಂದ ಹೊರಗಿಟ್ಟು, ಅದನ್ನು ಪ್ರತ್ಯೇಕ ಅಪರಾಧವಾಗಿ ಎಣಿಸಬೇಕು. ಠಾಣೆಗೆ ಬಂದ ಪ್ರತಿಯೊಂದು ಫಿರ್ಯಾದನ್ನೂ ಬರೆದುಕೊಳ್ಳಬೇಕು. ನಾಯಿಯ ಜಾತಿಯನ್ನಾಗಲಿ ಯಜಮಾನನ ಅಂತಸ್ತನ್ನಾಗಲಿ ಕೇಳಬಾರದು. ಎಲ್ಲಿಯೇ ಆಗಲಿ ನಾಯಿಗಳನ್ನು ಲಾರಿಯಲ್ಲಿ ಸಾಗಿಸುವವನು ಅವು ಯಾರಿಂದ ಬಂದುವೆಂಬುದನ್ನು ತೋರಿಸಬೇಕು, ತೋರಿಸಲಾರದವನ ಮೇಲೆ ಕದ್ದ ಮಾಲಿನ ವಿಧಿಯನ್ನು ಪ್ರಯೋಗಿಸಬೇಕು. ಐವತ್ತು ರೂಪಾಯಿಯ ದಂಡವನ್ನು ಇನ್ನು ತಡಮಾಡದೆ ತಿದ್ದಬೇಕು.

ಇವುಗಳಲ್ಲಿ ಎರಡನೆಯದಕ್ಕೆ ಹೊಸ ಶಾಸನವೂ ಬೇಕಾಗಿಲ್ಲ, ಖಜಾನೆಯ ಹಣವೂ ಬೇಕಾಗಿಲ್ಲ. ಠಾಣೆಯ ದಫೇದಾರನಿಗೆ ಮೇಲಧಿಕಾರಿಯ ಒಂದು ಆಜ್ಞೆ ಸಾಕು. ನಾಳೆ ಬೆಳಗ್ಗೆ ಯಾವುದೋ ಹಳ್ಳಿಯಿಂದ ಒಬ್ಬನು ಕೈಯಲ್ಲಿ ಬರಿಯ ಸರಪಳಿ ಹಿಡಿದು ಠಾಣೆಯ ಮೆಟ್ಟಿಲು ಹತ್ತಿದರೆ, ಅವನನ್ನು ಕೂರಿಸಿ, ಅವನು ಹೇಳುವುದನ್ನು ಬರೆದುಕೊಳ್ಳಲಿ. ಅಷ್ಟರಿಂದ ಕೆಲಸ ಆರಂಭವಾಗಲಿ.